ಗದ್ದೆಯಿಂದ ಗಾಳಿಗೆ ಹಾರುವ ಗೊಬ್ಬರ: ಒಂದು ಲೆಕ್ಕ, ಒಂದು ಅಭಿಪ್ರಾಯ

ಹಲವು ವರ್ಷಗಳ ಹಿಂದಿನ ಮಾತು. ನಾನು ಆಗ ಕೆಲಸಕ್ಕೆ ಸೇರಿದ ಹೊಸತು. ತುಂಗಭದ್ರಾ ಅಚ್ಚುಕಟ್ಟಿನ ಒಂದು ಹಳ್ಳಿಯಲ್ಲಿ ಕ್ಷೇತ್ರೋತ್ಸವ ಮುಗಿಸಿಕೊಂಡು ಹೊರಟಿದ್ದಾಗ ವಯಸ್ಸಾದ ರೈತರೊಬ್ಬರು ತಡೆದು ನಿಲ್ಲಿಸಿದರು. "ಸಾಹೇಬ್ರ, ಯೂರಿಯಾ ಉಗ್ಗಿದ ಮೂರನೇ ದಿನ ಮಧ್ಯಾಹ್ನ ಬದುವಿನ ಮ್ಯಾಲ ಕುಂತ್ರ ಮೂಗಿಗೆ ಘಾಟು ಬಡೀತದ. ಮುಂಜಾನಿ ಹೋದ್ರ ಏನೂ ಇಲ್ಲ. ಯಾಕ್ರಿ?" ಎಂದು ಕೇಳಿದರು. ನನಗೆ ಹೊತ್ತಾಗಿತ್ತು. "ಪಕ್ಕದ ತಿಪ್ಪೆಯ ವಾಸನೆ ಇರಬೇಕು ಅಜ್ಜಾರ" ಎಂದು ಹೇಳಿ ಜೀಪು ಹತ್ತಿದೆ. ಅವರು ಹಿಂದಿನಿಂದ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ತಿಪ್ಪಿ ಮುಂಜಾನಿ ನಾರೂದಿಲ್ಲೇನ್ರಿ?"

ಆ ರೈತರು ಕಂಡದ್ದು ಸರಿಯಾಗಿತ್ತು. ತಪ್ಪಿದ್ದು ನನ್ನದು. ಅವರ ಪ್ರಶ್ನೆಗೆ ಉತ್ತರ ಕಾಲೇಜಿನ ರಸಾಯನಶಾಸ್ತ್ರದ ಪುಸ್ತಕದಲ್ಲೇ ಇತ್ತು. ನಾನು ಅದನ್ನು ಓದಿ ಪರೀಕ್ಷೆಯಲ್ಲಿ ಪಾಸಾಗಿದ್ದೆ, ಆದರೆ ಗದ್ದೆಯ ಬದುವಿನ ಮೇಲೆ ಅದು ಎದುರಾದಾಗ ಗುರುತು ಹಿಡಿಯಲಿಲ್ಲ. ಆ ಉತ್ತರವನ್ನು ಇಂದು ಲೆಕ್ಕಸಹಿತ ರೈತ ಬಾಂಧವರ ಮುಂದಿಡುತ್ತೇನೆ. ಅದರ ಜೊತೆಗೆ ನಮ್ಮ ಗೊಬ್ಬರದ ಶಿಫಾರಸುಗಳ ಬಗ್ಗೆ ನನಗಿರುವ ಒಂದು ಆಕ್ಷೇಪಣೆಯನ್ನೂ ಹೇಳುತ್ತೇನೆ.

ಯೂರಿಯಾ ಎಂಬುದು ಕಟ್ಟಿಟ್ಟ ಅಮೋನಿಯಾ

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದೆ. ಆದರೆ ಅದು ಬೆಳೆಗೆ ನೇರವಾಗಿ ದಕ್ಕುವುದಿಲ್ಲ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಎಂಬ ವಿಜ್ಞಾನಿ ಈ ಸಾರಜನಕವನ್ನು ಜಲಜನಕದೊಡನೆ ಸೇರಿಸಿ ಅಮೋನಿಯಾ ತಯಾರಿಸುವ ವಿಧಾನವನ್ನು ಪ್ರಯೋಗಶಾಲೆಯಲ್ಲಿ ತೋರಿಸಿದನು. ಈ ಎರಡು ಅನಿಲಗಳು ಕೂಡಿ ಅಮೋನಿಯಾ ಆಗುತ್ತಿದ್ದಂತೆಯೇ ಅಮೋನಿಯಾ ಒಡೆದು ಪುನಃ ಅವೇ ಅನಿಲಗಳಾಗುತ್ತಿರುತ್ತದೆ. ಯಾವ ಉಷ್ಣತೆಯಲ್ಲಿ, ಎಷ್ಟು ಒತ್ತಡದಲ್ಲಿ ಕೂಡುವಿಕೆಯ ಕಡೆಗೆ ತಕ್ಕಡಿ ವಾಲುತ್ತದೆಂದು ಹೇಬರ್ ಮೊದಲು ಲೆಕ್ಕ ಹಾಕಿದನು. ಆ ಲೆಕ್ಕವೇ ರಾಸಾಯನಿಕ ಸಮತೋಲನದ ಲೆಕ್ಕ. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಓಪಾವ್ ಎಂಬಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದನು. ನಮ್ಮ ಮಂಗಳೂರಿನ ಪಣಂಬೂರಿನಲ್ಲಿ ತಯಾರಾಗುವ ಯೂರಿಯಾದ ಮೂಲವೂ ಇದೇ ವಿಧಾನ. ನೂರಾರು ಪಟ್ಟು ಒತ್ತಡ ಹಾಕಿ, ಇಂಧನ ಸುಟ್ಟು ಅಮೋನಿಯಾ ಮಾಡುತ್ತಾರೆ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿ, ಹಾರಿಹೋಗದಂತೆ ಬಿಳಿಯ ಕಾಳಾಗಿ ಕಟ್ಟುತ್ತಾರೆ. ಅದೇ ಯೂರಿಯಾ.

ನಾವು ಅದನ್ನು ಗದ್ದೆಗೆ ಎರಚಿದಾಗ ಆ ಗಂಟು ಬಿಚ್ಚುತ್ತದೆ. ಮಣ್ಣಿನಲ್ಲಿಯೂ, ಕೊಳೆತ ಕೂಳೆ ರವದಿಯಲ್ಲಿಯೂ ಇರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಬಿಡುಗಡೆ ಮಾಡುತ್ತದೆ. ಬೆಚ್ಚಗಿನ ಹವೆಯಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ದಿನಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಆ ಹಿರಿಯರು "ಮೂರನೇ ದಿನ" ಎಂದದ್ದಕ್ಕೆ ಕಾರಣ ಇದು. ಬಿಡುಗಡೆಯಾದ ಅಮೋನಿಯಾ ಬೇರಿಗೆ ಸೇರುತ್ತದೆಯೋ ಗಾಳಿಗೆ ಸೇರುತ್ತದೆಯೋ ಎಂಬುದನ್ನು ನಿರ್ಧರಿಸುವುದೂ ಒಂದು ಸಮತೋಲನವೇ.

ಸಮತೋಲನವೆಂದರೇನು?

ಒಂದೇ ಮಟ್ಟದಲ್ಲಿರುವ ಎರಡು ಮಡಿಗಳ ನಡುವಿನ ಬದುವನ್ನು ಕಡಿದರೆ ಏನಾಗುತ್ತದೆ? ನೀರು ಹೆಚ್ಚಿರುವ ಮಡಿಯಿಂದ ಕಡಿಮೆ ಇರುವ ಮಡಿಗೆ ಹರಿದು, ಎರಡೂ ಸಮನಾದಾಗ ನಿಲ್ಲುತ್ತದೆ. ಎರಡನೆಯ ಮಡಿಯಿಂದ ಯಾರಾದರೂ ನೀರು ಎತ್ತುತ್ತಾ ಹೋದರೆ ಮೊದಲನೆಯ ಮಡಿ ಅದನ್ನು ತುಂಬಿಕೊಡುತ್ತಲೇ ಇರುತ್ತದೆ, ತಾನು ಬತ್ತುವವರೆಗೂ.

ಗದ್ದೆಯ ನೀರಿನಲ್ಲಿ ಇಂತಹ ಮೂರು ಮಡಿಗಳಿವೆ ಎಂದು ತಿಳಿಯಿರಿ. ಮೊದಲನೆಯದು ಅಮೋನಿಯಂ. ಇದು ವಿದ್ಯುದಂಶ ಹೊತ್ತ ರೂಪ. ನೀರಿನಲ್ಲಿ ಉಳಿಯುತ್ತದೆ, ಜೇಡಿಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ, ಬೇರಿಗೆ ಸಿಗುತ್ತದೆ, ಗಾಳಿಗೆ ಹಾರಲಾರದು. ಎರಡನೆಯದು ನೀರಿನಲ್ಲಿ ಕರಗಿರುವ ಬಿಡಿ ಅಮೋನಿಯಾ. ಮೂರನೆಯದು ನೀರಿನ ಮೇಲಣ ಗಾಳಿಯಲ್ಲಿರುವ ಅಮೋನಿಯಾ. ಮೊದಲ ಮತ್ತು ಎರಡನೆಯ ಮಡಿಗಳ ನಡುವಿನ ಪಾಲು ಎಷ್ಟೆಂದು ಹೇಳುವುದು ನೀರಿನ ರಸಸಾರ, ಅಂದರೆ ನಿಮ್ಮ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿ.ಎಚ್. ಎಂದು ಬರೆದಿರುವ ಅಂಕಿ. ಡೆನ್ಮಾರ್ಕಿನ ಸೊರೆನ್ಸನ್ ಎಂಬ ವಿಜ್ಞಾನಿ ಈ ಅಳತೆಯನ್ನು ಜಾರಿಗೆ ತಂದದ್ದೂ 1909ರಲ್ಲೇ. ಎರಡನೆಯ ಮತ್ತು ಮೂರನೆಯ ಮಡಿಗಳ ನಡುವಿನ ಪಾಲನ್ನು ಹೇಳುವುದು 1803ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಕಂಡುಹಿಡಿದ ನಿಯಮ. ನೀರಿನಲ್ಲಿ ಅನಿಲ ಎಷ್ಟು ಕರಗಿದೆಯೋ ಅದಕ್ಕೆ ತಕ್ಕ ಪ್ರಮಾಣದಲ್ಲೇ ಮೇಲಣ ಗಾಳಿಯಲ್ಲೂ ಅದು ಇರುತ್ತದೆ ಎಂಬುದು ಅದರ ಸಾರಾಂಶ.

ಇಷ್ಟು ತಿಳಿದರೆ ಗಾಳಿಯಲ್ಲಿ ಅಮೋನಿಯಾ ಎಷ್ಟಿರಬಹುದೆಂಬುದನ್ನು ಯಾವ ದೊಡ್ಡ ಉಪಕರಣವೂ ಇಲ್ಲದೆ ಲೆಕ್ಕ ಹಾಕಬಹುದು.

ಒಂದು ಎಕರೆಯ ಲೆಕ್ಕ

ಒಂದು ಎಕರೆ ಗದ್ದೆಯಲ್ಲಿ 5 ಸೆಂಟಿಮೀಟರ್ ನೀರು ನಿಂತಿದ್ದರೆ ಅದು ಸುಮಾರು 2 ಲಕ್ಷ ಲೀಟರ್ ಆಗುತ್ತದೆ. ಅದಕ್ಕೆ 45 ಕಿಲೋ ತೂಕದ ಒಂದು ಚೀಲ ಯೂರಿಯಾ ಎರಚಿದಿರಿ ಎನ್ನೋಣ. ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕ. ಆದ್ದರಿಂದ ಚೀಲದಲ್ಲಿ 20.7 ಕಿಲೋ ಸಾರಜನಕ. ಇದರಲ್ಲಿ ಅರ್ಧದಷ್ಟು ಮಣ್ಣು ಸೇರಿ, ಉಳಿದ ಅರ್ಧ, ಅಂದರೆ ಸುಮಾರು 10 ಕಿಲೋ ನೀರಿನಲ್ಲೇ ಅಮೋನಿಯಾ ರೂಪಕ್ಕೆ ಬಂದಿದೆ ಎಂದು ಇಟ್ಟುಕೊಳ್ಳೋಣ. 10 ಕಿಲೋವನ್ನು 2 ಲಕ್ಷ ಲೀಟರಿಗೆ ಹಂಚಿದರೆ ಪ್ರತಿ ಲೀಟರಿಗೆ 50 ಮಿಲಿಗ್ರಾಂ.

ಮೊದಲನೆಯ ಹೆಜ್ಜೆ. ಈ 50 ಮಿಲಿಗ್ರಾಮಿನಲ್ಲಿ ಹಾರಬಲ್ಲ ಬಿಡಿ ಅಮೋನಿಯಾ ಎಷ್ಟು? 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ರಸಸಾರ 9.25 ಇದ್ದಾಗ ಅರ್ಧ ಅಮೋನಿಯಂ, ಅರ್ಧ ಬಿಡಿ ಅಮೋನಿಯಾ. ರಸಸಾರ ಒಂದು ಅಂಕಿ ಇಳಿದರೆ ಬಿಡಿ ಅಮೋನಿಯಾಕ್ಕೂ ಅಮೋನಿಯಂಗೂ ಇರುವ ಅನುಪಾತ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಈ ಪ್ರಕಾರ ರಸಸಾರ 7 ಇದ್ದಾಗ ಬಿಡಿ ಅಮೋನಿಯಾ ಶೇಕಡ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಲೀಟರಿಗೆ 0.28 ಮಿಲಿಗ್ರಾಂ. ರಸಸಾರ 8 ಆದರೆ ಶೇಕಡ 5.3, ಅಂದರೆ 2.65 ಮಿಲಿಗ್ರಾಂ. ರಸಸಾರ 9 ಆದರೆ ಶೇಕಡ 36, ಅಂದರೆ 18 ಮಿಲಿಗ್ರಾಂ.

ಎರಡನೆಯ ಹೆಜ್ಜೆ. ಹೆನ್ರಿಯ ನಿಯಮವನ್ನು ನಮ್ಮ ಲೆಕ್ಕಕ್ಕೆ ಹೊಂದಿಸಿದರೆ ಒಂದು ಸುಲಭ ಗುಣಕ ಸಿಗುತ್ತದೆ. ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾರಜನಕ ಬಿಡಿ ಅಮೋನಿಯಾ ರೂಪದಲ್ಲಿದ್ದರೆ, 25 ಡಿಗ್ರಿಯಲ್ಲಿ ಅದಕ್ಕೆ ತಾಗಿರುವ ಗಾಳಿಯಲ್ಲಿ ದಶಲಕ್ಷಕ್ಕೆ ಸುಮಾರು 1.2 ಭಾಗ ಅಮೋನಿಯಾ ಇರುತ್ತದೆ. ಈಗ ಗುಣಿಸಿ ನೋಡಿ:

ರಸಸಾರ 7: ಗಾಳಿಯಲ್ಲಿ ದಶಲಕ್ಷಕ್ಕೆ ಸುಮಾರು 0.3 ಭಾಗ.
ರಸಸಾರ 8: ಸುಮಾರು 3 ಭಾಗ.
ರಸಸಾರ 9: ಸುಮಾರು 21 ಭಾಗ.

ಮೂರನೆಯ ಹೆಜ್ಜೆ ಬಿಸಿಲಿನದು. ನೀರು 35 ಡಿಗ್ರಿಗೆ ಕಾದರೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಅಮೋನಿಯಂ ಹೆಚ್ಚು ಸುಲಭವಾಗಿ ಬಿಡಿ ಅಮೋನಿಯಾ ಆಗುತ್ತದೆ. ರಸಸಾರ 9ರಲ್ಲಿ ಶೇಕಡ 36 ಇದ್ದದ್ದು ಶೇಕಡ 53ಕ್ಕೆ ಏರುತ್ತದೆ. ನೀರು ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕುಗ್ಗಿ, ನಮ್ಮ ಗುಣಕ 1.2ರಿಂದ ಸುಮಾರು 1.9ಕ್ಕೆ ಏರುತ್ತದೆ. ಫಲವಾಗಿ ಗಾಳಿಯಲ್ಲಿ ದಶಲಕ್ಷಕ್ಕೆ ಸುಮಾರು 50 ಭಾಗ! ರಸಸಾರ 7ರ ತಂಪು ನೀರಿಗೂ, ರಸಸಾರ 9ರ ಕಾದ ನೀರಿಗೂ ನೂರೈವತ್ತು ಪಟ್ಟು ವ್ಯತ್ಯಾಸ. ಗೊಬ್ಬರ ಅದೇ, ಗದ್ದೆ ಅದೇ, ರೈತನೂ ಅವನೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಈ ಅಂಕಿಗಳು ನೀರಿನ ಮೈಗೆ ಅಂಟಿಕೊಂಡಂತಿರುವ ಗಾಳಿಯ ಪದರಕ್ಕೆ ಸಂಬಂಧಿಸಿದವು, ನಾವು ನಿಂತು ಉಸಿರಾಡುವ ಎತ್ತರದ ಗಾಳಿಗಲ್ಲ. ಸಮತೋಲನದ ಲೆಕ್ಕ ಹೇಳುವುದು ಗರಿಷ್ಠ ಮಿತಿಯನ್ನು. ಗಾಳಿ ಬೀಸಿದಂತೆ ಆ ಪದರ ಕೊಚ್ಚಿಹೋಗಿ ತೆಳುವಾಗುತ್ತದೆ. ಆದರೆ ಅದರಿಂದ ರೈತನಿಗೆ ಸಮಾಧಾನವಿಲ್ಲ. ಮಡಿಯ ಹೋಲಿಕೆಯನ್ನು ನೆನೆಯಿರಿ. ಗಾಳಿ ಎತ್ತಿಕೊಂಡು ಹೋದಷ್ಟನ್ನೂ ನೀರು ಮತ್ತೆ ತುಂಬಿಕೊಡುತ್ತದೆ. ಹೊರಗಿನ ಗಾಳಿಯಲ್ಲಿ ಅಮೋನಿಯಾ ಸಾಮಾನ್ಯವಾಗಿ ಶತಕೋಟಿಗೆ ಕೆಲವೇ ಭಾಗ ಇರುವುದರಿಂದ ಹರಿವು ಯಾವಾಗಲೂ ಒಂದೇ ಕಡೆಗೆ, ಗದ್ದೆಯಿಂದ ಹೊರಕ್ಕೆ.

ಬೆಳಿಗ್ಗೆ ಇಲ್ಲದ ಘಾಟು ಮಧ್ಯಾಹ್ನ ಏಕೆ?

ಬಿಸಿಲು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಪಾಚಿ. ನಾಟಿಯಾದ ಹೊಸತರಲ್ಲಿ ಪೈರಿನ ನೆರಳಿರುವುದಿಲ್ಲ. ಗೊಬ್ಬರ ಬಿದ್ದ ನೀರಿನಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲಿನಲ್ಲಿ ಅದು ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆಹಾರ ತಯಾರಿಸುತ್ತದೆ. ನೀರಿಗೆ ಹುಳಿ ಗುಣ ಕೊಡುವ ಆ ಅನಿಲ ಖಾಲಿಯಾದಂತೆ ರಸಸಾರ ಏರಿ, ನಡುಹಗಲಿನಲ್ಲಿ 9ನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ರಾತ್ರಿ ಪಾಚಿ, ಮಣ್ಣು, ಬೇರು ಎಲ್ಲವೂ ಉಸಿರು ಬಿಟ್ಟು ಆ ಅನಿಲವನ್ನು ನೀರಿಗೆ ಮರಳಿಸುತ್ತವೆ. ಬೆಳಗಾಗುವ ವೇಳೆಗೆ ರಸಸಾರ ಪುನಃ 7 ಅಥವಾ 8ರ ಆಸುಪಾಸಿಗೆ ಬಂದಿರುತ್ತದೆ. ತಿಪ್ಪೆಯಾದರೆ ಬೆಳಿಗ್ಗೆಯೂ ನಾರುತ್ತದೆ. ಮಧ್ಯಾಹ್ನ ಮಾತ್ರ ನಾರುವುದು ಗದ್ದೆ.

1980ರ ದಶಕದಲ್ಲಿ ಫಿಲಿಪ್ಪೀನ್ಸಿನ ಗದ್ದೆಗಳಲ್ಲಿ ಗಾಳಿಯ ಅಮೋನಿಯಾವನ್ನು ನೇರವಾಗಿ ಅಳೆದ ವಿಜ್ಞಾನಿಗಳು, ನಾಟಿಯ ನಂತರ ನಿಂತ ನೀರಿಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಕಾಲು ಭಾಗಕ್ಕಿಂತಲೂ ಹೆಚ್ಚು ಹೀಗೆ ಹಾರಿಹೋದದ್ದನ್ನು ಕಂಡಿದ್ದಾರೆ.

ಕಾಲು ಭಾಗವೆಂದರೆ ಎಷ್ಟು ನಷ್ಟ?

ಯೂರಿಯಾ ಚೀಲದ ಬೆಲೆ, ಬೇವಿನ ಲೇಪನದ ಖರ್ಚು ಮತ್ತು ತೆರಿಗೆ ಬಿಟ್ಟು, 242 ರೂಪಾಯಿ. ಅದರ ಕಾಲು ಭಾಗ 60 ರೂಪಾಯಿ. "ಅಷ್ಟೇ ತಾನೆ" ಎಂದು ನೀವು ಅನ್ನಬಹುದು. ಈ ಅಗ್ಗದ ಬೆಲೆಯೇ ನಮ್ಮ ಕಣ್ಣಿಗೆ ಮಣ್ಣೆರಚಿದೆ ಎಂಬುದು ನನ್ನ ಅಭಿಪ್ರಾಯ. ಚೀಲದ ನಿಜವಾದ ಬೆಲೆ ಇದರ ಎಷ್ಟೋ ಪಟ್ಟು. ಉಳಿದದ್ದನ್ನು ಸರ್ಕಾರ ಸಹಾಯಧನವಾಗಿ ಭರಿಸುತ್ತದೆ, ಅಂದರೆ ನಾವೆಲ್ಲರೂ ಭರಿಸುತ್ತೇವೆ. ಅದಿರಲಿ, ರೈತನ ಲೆಕ್ಕವನ್ನು ಚೀಲದ ಬೆಲೆಯಲ್ಲಿ ಮಾಡಬಾರದು, ಕಣದಲ್ಲಿ ಮಾಡಬೇಕು. ಹಾರಿಹೋದ ಸಾರಜನಕ ಸುಮಾರು 5 ಕಿಲೋ. ಗೊಬ್ಬರಕ್ಕೆ ಸ್ಪಂದಿಸುವ ಗದ್ದೆಯಲ್ಲಿ 1 ಕಿಲೋ ಸಾರಜನಕಕ್ಕೆ 10ರಿಂದ 15 ಕಿಲೋ ಭತ್ತ ಹೆಚ್ಚುವುದೆಂದು ಇಟ್ಟುಕೊಂಡರೂ, ನಷ್ಟವಾದದ್ದು 50ರಿಂದ 75 ಕಿಲೋ ಭತ್ತ. ತುಂಗಭದ್ರಾ ಕಡೆಯ 75 ಕಿಲೋ ಚೀಲದ ಅಳತೆಯಲ್ಲಿ ಎಕರೆಗೆ ಒಂದು ಚೀಲ ಭತ್ತ ಗಾಳಿಪಾಲಾಯಿತು ಎನ್ನಬಹುದು. ಪೈರು ಹಸುರಾಗಲಿಲ್ಲವೆಂದು ಮತ್ತೊಂದು ಚೀಲ ಯೂರಿಯಾ ತರಲು ಸರದಿಯಲ್ಲಿ ನಿಲ್ಲುವ ಶ್ರಮ ಬೇರೆ.

ಗಾಳಿಗೆ ಸೇರಿದ ಮೇಲೆ

ಹಾರಿದ ಅಮೋನಿಯಾ ಅಲ್ಲಿಗೇ ಮುಗಿಯುವುದಿಲ್ಲ. ವಾಹನ ಮತ್ತು ಕಾರ್ಖಾನೆಗಳ ಹೊಗೆಯಿಂದ ಗಾಳಿಯಲ್ಲಿ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲಗಳು ಉಂಟಾಗುತ್ತವೆ. ಅಮೋನಿಯಾ ಇವುಗಳೊಡನೆ ಕೂಡಿ ಅತಿ ಸಣ್ಣ ಧೂಳಿನ ಕಣಗಳಾಗುತ್ತದೆ. ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಇಲ್ಲಿಯೂ ಸಮತೋಲನದ್ದೇ ಆಟ. ಅಮೋನಿಯಾ ಮತ್ತು ನೈಟ್ರಿಕ್ ಆಮ್ಲ ಸೇರಿ ಆಗುವ ಅಮೋನಿಯಂ ನೈಟ್ರೇಟ್ ಬಿಸಿಲಿನಲ್ಲಿ ಒಡೆದು ಅನಿಲವಾಗುತ್ತದೆ, ಚಳಿಯ ರಾತ್ರಿಯಲ್ಲಿ ಗಟ್ಟಿ ಕಣವಾಗುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲದ ಮಬ್ಬು ದಟ್ಟವಾಗಲು ಇದೂ ಒಂದು ಕಾರಣ. 2009ರಲ್ಲಿ ಪ್ರಕಟವಾದ ಉಪಗ್ರಹ ಮಾಪನಗಳಲ್ಲಿ ಗಂಗಾ ಬಯಲು ಪ್ರಪಂಚದಲ್ಲಿಯೇ ಅಮೋನಿಯಾ ಅತಿ ಹೆಚ್ಚಾಗಿರುವ ಪ್ರದೇಶಗಳಲ್ಲಿ ಒಂದಾಗಿ ಕಂಡುಬಂತು. ಅದೇ 2009ರಲ್ಲಿ ಭಾರತ ಸರ್ಕಾರ ಪರಿಷ್ಕರಿಸಿದ ವಾಯು ಗುಣಮಟ್ಟದ ಪಟ್ಟಿಯ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಅಮೋನಿಯಾವೂ ಸೇರಿದೆ. ದಿನದ ಸರಾಸರಿ ಘನ ಮೀಟರಿಗೆ 400 ಮೈಕ್ರೋಗ್ರಾಂ ಮೀರಬಾರದು. ನಮ್ಮ ಲೆಕ್ಕದ ಭಾಷೆಯಲ್ಲಿ ಅದು ದಶಲಕ್ಷಕ್ಕೆ ಸುಮಾರು 0.6 ಭಾಗ.

ಹಾಗೆಂದು ನಗರದ ಮಬ್ಬಿಗೆಲ್ಲ ರೈತನೇ ಹೊಣೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಮ್ಲವಿಲ್ಲದೆ ಅಮೋನಿಯಾ ಒಂದೇ ಧೂಳಾಗದು, ಆ ಆಮ್ಲ ಬರುವುದು ಮುಖ್ಯವಾಗಿ ಇಂಧನ ಸುಡುವಲ್ಲಿಂದ. ಆದರೆ ತನ್ನ ಹಣವೂ ಹೋಗಿ, ಊರಿನ ಗಾಳಿಯೂ ಕೆಡುವ ಕೆಲಸವನ್ನು ಮುಂದುವರಿಸಲು ಯಾರಿಗೂ ಕಾರಣವಿಲ್ಲ.

ನಮ್ಮ ಶಿಫಾರಸಿನಲ್ಲಿರುವ ಕೊರತೆ

ಈಗ ನನ್ನ ಆಕ್ಷೇಪಣೆಗೆ ಬರುತ್ತೇನೆ. ನಮ್ಮ ಕೈಪಿಡಿಗಳು ಎಕರೆಗೆ ಎಷ್ಟು ಕಿಲೋ, ಎಷ್ಟು ಕಂತು ಎಂಬುದನ್ನು ಚೆನ್ನಾಗಿ ಹೇಳುತ್ತವೆ. ಹಾಕುವ ದಿನ ಗದ್ದೆಯಲ್ಲಿ ಎಷ್ಟು ನೀರಿರಬೇಕು, ನೀರಿನ ರಸಸಾರ ಎಷ್ಟಿದೆ ಎಂಬುದನ್ನು ಅಷ್ಟೇ ಒತ್ತುಕೊಟ್ಟು ಹೇಳುವುದಿಲ್ಲ. ಕರಾವಳಿಯ ಮತ್ತು ಮಲೆನಾಡಿನ ಹುಳಿ ಮಣ್ಣಿಗೂ, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಸುಣ್ಣಗಲ್ಲು ಬೆರೆತ ಎರೆ ಮಣ್ಣಿಗೂ ಒಂದೇ ಚೀಲ ಒಂದೇ ರೀತಿ ವರ್ತಿಸದೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ. ರಸಸಾರ 8 ದಾಟಿದ ಮಣ್ಣಿನ ರೈತನಿಗೆ ಗೊಬ್ಬರ ಹಾಕುವ ವಿಧಾನ ಗೊಬ್ಬರದ ಪ್ರಮಾಣದಷ್ಟೇ ಮುಖ್ಯ.

ಇತ್ತೀಚೆಗೆ ಎಲ್ಲ ವೇದಿಕೆಗಳಲ್ಲಿಯೂ "ಯೂರಿಯಾ ಕಡಿಮೆ ಮಾಡಿ" ಎಂಬ ಉಪದೇಶ ಕೇಳಿಬರುತ್ತಿದೆ. ಉಪದೇಶ ತಪ್ಪಲ್ಲ. ಆದರೆ ಹಾಕಿದ್ದನ್ನು ಉಳಿಸಿಕೊಳ್ಳುವುದನ್ನು ಕಲಿಸದೆ ಕಡಿಮೆ ಮಾಡೆಂದರೆ ರೈತ ಏಕೆ ಕೇಳುತ್ತಾನೆ? ಕಾಲು ಭಾಗ ಹಾರಿಹೋಗುವ ಗದ್ದೆಯಲ್ಲಿ ಪ್ರಮಾಣವನ್ನೂ ತಗ್ಗಿಸಿದರೆ ಇಳುವರಿ ತಗ್ಗುತ್ತದೆ. ಮರುವರ್ಷ ಆತ ನಮ್ಮ ಮಾತನ್ನು ನಂಬುವುದಿಲ್ಲ. ಮೊದಲು ಸೋರುವ ಮಡಕೆಯ ತೂತು ಮುಚ್ಚೋಣ, ಆಮೇಲೆ ಎಷ್ಟು ನೀರು ತುಂಬಬೇಕೆಂದು ಮಾತಾಡೋಣ.

"ಈಗ ಯೂರಿಯಾಕ್ಕೆಲ್ಲ ಬೇವಿನ ಲೇಪನವಿದೆ, ಇನ್ನೇನು ಭಯ?" ಎಂದು ಕೆಲವರು ಕೇಳುತ್ತಾರೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯವಾಗಿದೆ, ಅದು ಒಳ್ಳೆಯದೇ. ಆದರೆ ಬೇವು ಮುಖ್ಯವಾಗಿ ತಡೆಯುವುದು ಅಮೋನಿಯಂ ನೈಟ್ರೇಟಾಗಿ ಬಸಿದುಹೋಗುವುದನ್ನು. ಅಮೋನಿಯಂ ಹೆಚ್ಚು ದಿನ ಅಮೋನಿಯಂ ಆಗಿಯೇ ಉಳಿಯುತ್ತದೆ. ಅದು ಮಣ್ಣಿನೊಳಗಿದ್ದರೆ ಲಾಭ, ನೀರಿನಲ್ಲೋ ಮಣ್ಣಿನ ಮೈಮೇಲೋ ಇದ್ದರೆ ಹಾರಲು ಇನ್ನಷ್ಟು ಅವಕಾಶ. ಬೇವು ಬಾಗಿಲು ಕಾಯುತ್ತದೆ, ಆದರೆ ಕಿಟಕಿಯನ್ನು ರೈತನೇ ಮುಚ್ಚಬೇಕು.

"ಸಂಜೆ ಹಾಕಿದರೆ ಸಾಕು" ಎಂಬ ಸಲಹೆಯನ್ನು ನಾವೇ ಎಷ್ಟೋ ಬಾರಿ ಕೊಟ್ಟಿದ್ದೇವೆ. ಯೂರಿಯಾ ಒಡೆಯಲು ಎರಡು ಮೂರು ದಿನ ಬೇಕೆಂದ ಮೇಲೆ, ಹಾಕಿದ್ದು ಸಂಜೆಯಾದರೂ ಹಾರುವುದು ಮರುದಿನಗಳ ಮಧ್ಯಾಹ್ನವೇ. ನಿಂತ ನೀರಿಗೆ ಸಂಜೆ ಎರಚಿ ಸಮಾಧಾನಪಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಮಾಡಬೇಕಾದ್ದೇನು?

ಮೊದಲನೆಯದಾಗಿ, ಮೂಲಗೊಬ್ಬರದ ಕಂತನ್ನು ಕೊನೆಯ ಕೆಸರು ಉಳುಮೆಯ ಹೊತ್ತಿಗೆ, ನೀರು ಬಸಿದ ಕೆಸರಿಗೆ ಹಾಕಿ ಹಲುಬೆ ಅಥವಾ ಹಲಗೆಯಿಂದ ಬೆರೆಸಿರಿ. ಕೆಸರಿನೊಳಗೆ ಸೇರಿದ ಅಮೋನಿಯಂ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ. ನಾಟಿಯಾದ ಒಂದೆರಡು ವಾರಗಳಲ್ಲಿ ನಿಂತ ನೀರಿಗೆ ಎರಚುವುದೇ ಅತ್ಯಂತ ನಷ್ಟದ ವಿಧಾನ.

ಎರಡನೆಯದಾಗಿ, ಮೇಲುಗೊಬ್ಬರಕ್ಕೆ ಮುಂಚೆ ಗದ್ದೆಯ ನೀರನ್ನು ಬಸಿದು, ಗೊಬ್ಬರ ಹಾಕಿ, ಕಳೆ ತೆಗೆಯುವ ಯಂತ್ರ ಆಡಿಸಿ ಬೆರೆಸಿ, ಒಂದೆರಡು ದಿನಗಳ ನಂತರ ನೀರು ಕಟ್ಟಿರಿ. ಕಾಲುವೆಯ ಕೊನೆಯ ಭಾಗದ ರೈತರು ಇದಕ್ಕೆ ಹೆದರುತ್ತಾರೆ. "ಬಿಟ್ಟ ನೀರು ಮತ್ತೆ ಬರುತ್ತದೆಂದು ಯಾರು ಹೇಳುತ್ತಾರೆ?" ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಅಂಥವರು ನೀರನ್ನು ಹೊರಗೆ ಬಿಡಬೇಕಾಗಿಲ್ಲ. ಸರದಿಯ ನೀರು ಬರುವ ಮುನ್ನಾದಿನ, ಗದ್ದೆಯ ನೀರು ತಾನಾಗಿ ಇಂಗಿ ಕೆಸರು ಕಾಣುತ್ತಿರುವಾಗ ಗೊಬ್ಬರ ಹಾಕಲಿ. ಹೊಸ ನೀರು ಗೊಬ್ಬರವನ್ನು ಕೆಳಕ್ಕೆ ಒಯ್ಯುತ್ತದೆ.

ಮೂರನೆಯದಾಗಿ, ಮುಂದಿನ ಕಂತನ್ನು ತೆನೆ ಮೂಡುವ ಹಂತಕ್ಕೆ ಉಳಿಸಿಕೊಳ್ಳಿ. ಆ ವೇಳೆಗೆ ಪೈರು ಹರಡಿ ನೆರಳು ಮಾಡಿರುತ್ತದೆ. ಪಾಚಿಗೆ ಬೆಳಕಿಲ್ಲ, ನೀರಿಗೆ ಗಾಳಿಯ ಹೊಡೆತವಿಲ್ಲ, ಬೇರು ಬೇಗ ಹೀರುತ್ತದೆ. ಅಜೋಲಾ ಬೆಳೆಸುವವರಿಗೆ ಇನ್ನೊಂದು ಲಾಭವಿದೆ. ಅದು ನೀರಿನ ಮೇಲೆ ಹಾಸಿದಂತೆ ಬೆಳೆದು ಪಾಚಿಯನ್ನು ಹತ್ತಿಕ್ಕಿ ರಸಸಾರ ಏರದಂತೆ ನೋಡಿಕೊಳ್ಳುತ್ತದೆ. ಯೂರಿಯಾವನ್ನು ದೊಡ್ಡ ಗುಳಿಗೆ ಮಾಡಿ ನಾಲ್ಕು ಬುಡಗಳ ನಡುವೆ 7ರಿಂದ 10 ಸೆಂಟಿಮೀಟರ್ ಆಳದಲ್ಲಿ ಹೂಳುವ ವಿಧಾನ ಬಾಂಗ್ಲಾದೇಶದಲ್ಲಿ ರೈತರ ಬಳಕೆಯಲ್ಲಿದೆ. ಹಾರುವ ನಷ್ಟವನ್ನು ತಡೆಯಲು ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಕೂಲಿ ಹೆಚ್ಚು.

ನಾಲ್ಕನೆಯದಾಗಿ, ಖುಷ್ಕಿ ಬೆಳೆಗಾರರು ಮೆಕ್ಕೆಜೋಳ, ಜೋಳ, ಹತ್ತಿಗಳಿಗೆ ಸಾಲಿನ ಪಕ್ಕದಲ್ಲಿ ಗೊಬ್ಬರ ಬಿಟ್ಟು ಎಡೆಕುಂಟೆಯಿಂದ ಮಣ್ಣು ಮುಚ್ಚಲಿ. ತುಂತುರು ಬಿದ್ದು ಮೇಲ್ಮಣ್ಣು ಮಾತ್ರ ತೇವವಾಗಿರುವಾಗ ಎರಚಿ ಬಿಡುವುದು ಬಹಳ ಕೆಟ್ಟದ್ದು. ಆ ತೇವ ಯೂರಿಯಾವನ್ನು ಒಡೆಯಲು ಸಾಕು, ಒಳಕ್ಕೆ ಒಯ್ಯಲು ಸಾಲದು. ಕೂಳೆ ಕಬ್ಬಿನಲ್ಲಿ ರವದಿಯ ಮೇಲೆ ಎರಚುವುದೂ ಇದೇ ತಪ್ಪು, ಏಕೆಂದರೆ ರವದಿಯಲ್ಲೇ ಯೂರಿಯೇಸ್ ಕಿಣ್ವ ಹೇರಳವಾಗಿದೆ.

ಐದನೆಯದು ತಿಪ್ಪೆ ಮತ್ತು ಕೊಟ್ಟಿಗೆಯದು. ದನದ ಗಂಜಲದಲ್ಲಿರುವುದೂ ಯೂರಿಯಾವೇ. ಒಲೆಯ ಬೂದಿಯನ್ನು ಹಸಿ ತಿಪ್ಪೆಗೆ ಸುರಿಯುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ. ಬೂದಿ ಬಲವಾದ ಕ್ಷಾರ. ತಿಪ್ಪೆಯ ರಸಸಾರವನ್ನು ಏರಿಸಿ ಅಮೋನಿಯಾವನ್ನು ಹೊರಗಟ್ಟುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಅದನ್ನು ಚೆಲ್ಲಬೇಡಿ, ಆದರೆ ಬೇರೆ ಇಟ್ಟು ನೇರವಾಗಿ ಹೊಲಕ್ಕೆ ಹಾಕಿ. ಯೂರಿಯಾವನ್ನು ಬೂದಿ ಅಥವಾ ಸುಣ್ಣದೊಡನೆ ಬೆರೆಸಿ ಎರಚುವುದನ್ನಂತೂ ಎಂದೂ ಮಾಡಬಾರದು. ಮಲೆನಾಡಿನವರು ಕೊಟ್ಟಿಗೆಗೆ ಸೊಪ್ಪು ಹಾಸುವುದು, ಬಯಲುಸೀಮೆಯವರು ಒಣ ಮಣ್ಣು ಹರಡುವುದು, ಇವೆರಡೂ ಗಂಜಲದ ಸಾರಜನಕವನ್ನು ಹಿಡಿದಿಡುವ ಒಳ್ಳೆಯ ಪದ್ಧತಿಗಳು. ಅದರ ಮೇಲೆ ಜಿಪ್ಸಂ ಅಥವಾ ಸೂಪರ್ ಫಾಸ್ಫೇಟ್ ಚಿಮುಕಿಸಿದರೆ ಇನ್ನೂ ಉತ್ತಮ. ಕೋಳಿ ಸಾಕುವವರಿಗೂ ಇದೇ ಮಾತು. ಕೋಳಿಮನೆಯ ಗಾಳಿಯಲ್ಲಿ ಅಮೋನಿಯಾ ದಶಲಕ್ಷಕ್ಕೆ 25 ಭಾಗ ದಾಟಬಾರದೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಒಳಗೆ ಕಾಲಿಟ್ಟಾಗ ಕಣ್ಣು ಉರಿದರೆ ಹಾಸು ತೇವವಾಗಿದೆ, ಗಾಳಿಯಾಟ ಸಾಲದು ಎಂದೇ ತಿಳಿಯಬೇಕು.

ಒಂದು ಸಣ್ಣ ಕಾಗದ

ಕೊನೆಯದಾಗಿ ಒಂದು ಸಲಹೆ. ರಸಸಾರ ಅಳೆಯುವ ಬಣ್ಣದ ಕಾಗದದ ಪಟ್ಟಿಗಳಿಗೆ ಹೆಚ್ಚಿನ ಬೆಲೆಯಿಲ್ಲ. ಗೊಬ್ಬರ ಮಾರುವ ಪ್ರತಿ ಸಹಕಾರ ಸಂಘದಲ್ಲಿಯೂ, ರೈತ ಸಂಪರ್ಕ ಕೇಂದ್ರದಲ್ಲಿಯೂ ಈ ಕಾಗದ ರೈತರ ಕೈಗೆ ಸಿಗುವಂತಾಗಬೇಕೆಂದು ನಾನು ಬಯಸುತ್ತೇನೆ. ಗದ್ದೆಯ ನೀರಿನಲ್ಲಿ ಮಧ್ಯಾಹ್ನ ಒಮ್ಮೆ ಅದ್ದಿ ನೋಡಲಿ. ಬಣ್ಣ 7ರ ಹತ್ತಿರವಿದ್ದರೆ ಚಿಂತೆ ಕಡಿಮೆ. 8 ದಾಟಿದ್ದರೆ ಆ ನೀರಿಗೆ ಯೂರಿಯಾ ಎರಚುವ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿ. ಕಾಗದದ ಅಳತೆ ನಿಖರವಲ್ಲ ನಿಜ, ಆದರೆ 7ಕ್ಕೂ 9ಕ್ಕೂ ಇರುವ ಅಂತರವನ್ನು ಅದು ತೋರಿಸಬಲ್ಲದು. ಆ ಅಂತರದ ಬೆಲೆ ಏನೆಂಬುದನ್ನು ಮೇಲೆ ಲೆಕ್ಕ ಹಾಕಿದ್ದೇವೆ.

ಇಂಥ ಲೆಕ್ಕ ರೈತನಿಗೆ ಅರ್ಥವಾಗದೆಂದು ಹೇಳುವ ಮಿತ್ರರು ನಮ್ಮಲ್ಲಿದ್ದಾರೆ. ಬಡ್ಡಿಯ ಲೆಕ್ಕ, ತೂಕದ ಲೆಕ್ಕ, ನೀರಿನ ಸರದಿಯ ಲೆಕ್ಕವನ್ನು ಬಾಯಲ್ಲೇ ಹಾಕುವವನಿಗೆ ಇದು ಕಷ್ಟವಲ್ಲ. ಯಾರೂ ಹೇಳಿಕೊಡದೆಯೇ ಬೆಳಗಿನ ಗಾಳಿಗೂ ಮಧ್ಯಾಹ್ನದ ಗಾಳಿಗೂ ಇರುವ ವ್ಯತ್ಯಾಸವನ್ನು ಮೂಗಿನಿಂದಲೇ ಅಳೆದ ರೈತರೊಬ್ಬರನ್ನು ನಾನು ಕಂಡಿದ್ದೇನೆ. ಅವರ ಪ್ರಶ್ನೆಗೆ ಅಂದೇ ಸರಿಯಾದ ಉತ್ತರ ಕೊಟ್ಟಿದ್ದರೆ ಆ ಊರಿನ ಗದ್ದೆಗಳಲ್ಲಿ ಎಷ್ಟೋ ಚೀಲ ಭತ್ತ ಉಳಿಯುತ್ತಿತ್ತು. ಮುಂದಿನ ಮೇಲುಗೊಬ್ಬರದ ಹೊತ್ತಿಗೆ ನೀವೂ ಒಮ್ಮೆ ಬದುವಿನ ಮೇಲೆ ಕುಳಿತು ಮೂಸಿ ನೋಡಿ. ಘಾಟು ಬಂದರೆ ಅದು ಗೊಬ್ಬರದ ಶಕ್ತಿಯೆಂದು ಹಿಗ್ಗಬೇಡಿ. ನಿಮ್ಮ ಬೆಳೆ ಉಣ್ಣಬೇಕಾದದ್ದು ಗಾಳಿಗೆ ಹೋಗುತ್ತಿದೆ ಎಂದು ತಿಳಿದು, ಆ ಕಂತಿನ ಹೊತ್ತಿಗೆ ತಪ್ಪಿದರೂ ಮುಂದಿನ ಕಂತಿಗಾದರೂ ವಿಧಾನವನ್ನು ಬದಲಿಸಿಕೊಳ್ಳಿ.